ಬಿಸಿಲಿಗೆ ಬೆದರದ ಬೆಂಕಿ ಎಚ್ಚರಿಕೆ: ಫ್ಲೇಮ್ ಸೆನ್ಸರ್ ಮತ್ತು ಆರ್ಡುಯಿನೊ, ಹೆಜ್ಜೆ ಹೆಜ್ಜೆಯಾಗಿ

ನಮ್ಮ ಮನೆಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇನ್ವರ್ಟರ್ ಇದೆ. ಅದರ ಬ್ಯಾಟರಿಯ ಪಕ್ಕದಲ್ಲೇ ಹಳೆಯ ಪತ್ರಿಕೆಗಳ ಕಟ್ಟು, ಯಾರೂ ಬಳಸದ ಒಂದು ಚಾಪೆ. ಬೆಂಕಿ ಹತ್ತಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ ಎನ್ನಿಸಿ, ಒಂದು ಭಾನುವಾರ ಫ್ಲೇಮ್ ಸೆನ್ಸರ್, ಆರ್ಡುಯಿನೊ (ನಾವು ಬರೆದ ಪ್ರೋಗ್ರಾಂ ಓಡಿಸುವ ಚಿಕ್ಕ ಬೋರ್ಡ್), ಬಝರ್ ಮೂರನ್ನೂ ಸೇರಿಸಿ ಅರ್ಧ ಗಂಟೆಯಲ್ಲಿ ಎಚ್ಚರಿಕೆ ಯಂತ್ರ ಮಾಡಿದೆ. ಬೆಂಕಿಕಡ್ಡಿ ಗೀರಿದರೆ ಕೂಗುತ್ತಿತ್ತು. ಮನೆಯವರೆಲ್ಲ ಮೆಚ್ಚಿದರು. ಮರುದಿನ ಸಂಜೆ ನಾಲ್ಕೂವರೆಗೆ, ಪಡುವಣ ಕಿಟಕಿಯಿಂದ ಬಿಸಿಲು ಒಳಗೆ ಬಿದ್ದ ಕೂಡಲೇ, ಅದು ಮತ್ತೆ ಕೂಗಿತು. ಅದರ ಮರುದಿನವೂ ಅಷ್ಟೇ. ಮೂರನೆಯ ದಿನ ಯಾರೋ ವೈರ್ ಕಿತ್ತಿಟ್ಟಿದ್ದರು. ಯಾರೆಂದು ನಾನು ಕೇಳಲಿಲ್ಲ.

ಸುಳ್ಳು ಕೂಗುವ ಎಚ್ಚರಿಕೆ ಗಂಟೆ ಒಂದು ವಾರವೂ ಉಳಿಯುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಬೆಂಕಿಯನ್ನು ಗುರುತಿಸುವುದಕ್ಕೆ ಒಂದು ಪಾಲು, ಬೆಂಕಿಯಲ್ಲದ್ದನ್ನು ಬಿಟ್ಟುಬಿಡುವುದಕ್ಕೆ ಮೂರು ಪಾಲು ಜಾಗ ಕೊಟ್ಟಿದ್ದೇನೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇದು ಕಲಿಕೆಗೆ, ಮನೆಯ ಒಂದು ಮೂಲೆಯ ಮೇಲೆ ಹೆಚ್ಚುವರಿ ಕಣ್ಣಿಡುವುದಕ್ಕೆ ಮಾತ್ರ. ಕಟ್ಟಡಗಳ ಅಗ್ನಿ ಎಚ್ಚರಿಕೆ ವ್ಯವಸ್ಥೆಗೆ ಭಾರತದಲ್ಲಿ ಐಎಸ್ 2189 ಎಂಬ ಮಾನದಂಡವಿದೆ. ಅಂಗಡಿ, ಗೋದಾಮು, ಹಾಸ್ಟೆಲ್‌ಗಳಿಗೆ ಅದರಂತೆ ಅಳವಡಿಸಿದ ಪ್ರಮಾಣಿತ ಉಪಕರಣಗಳೇ ಬೇಕು. ನಿಜವಾಗಿ ಬೆಂಕಿ ಬಿದ್ದರೆ 101 ಅಥವಾ 112ಕ್ಕೆ ಕರೆ ಮಾಡಿ ಹೊರಗೆ ಓಡಬೇಕು. ಪ್ರೋಗ್ರಾಂ ಸರಿಯಾಗಿ ಕೆಲಸ ಮಾಡಿತೇ ಎಂದು ನೋಡುತ್ತ ನಿಲ್ಲಬಾರದು.

ಸೆನ್ಸರ್ ಕಾಣುವುದು ಏನನ್ನು?

ಹೆಸರು ಫ್ಲೇಮ್ ಸೆನ್ಸರ್ ಎಂದಿದ್ದರೂ ಅದಕ್ಕೆ ಜ್ವಾಲೆಯ ಪರಿಚಯವೇ ಇಲ್ಲ. ಮಾಡ್ಯೂಲಿನ ತುದಿಯಲ್ಲಿರುವ ಕಪ್ಪು ಬಣ್ಣದ, ಎಲ್‌ಇಡಿಯಂತೆ ಕಾಣುವ ಭಾಗ ಒಂದು ಫೋಟೊಟ್ರಾನ್ಸಿಸ್ಟರ್, ಅಂದರೆ ಬೆಳಕು ಬಿದ್ದಷ್ಟೂ ಹೆಚ್ಚು ವಿದ್ಯುತ್ ಹರಿಯಲು ಬಿಡುವ ಬಿಡಿಭಾಗ. ಕಪ್ಪು ಪ್ಲಾಸ್ಟಿಕ್ ಕಣ್ಣಿಗೆ ಕಾಣುವ ಬೆಳಕನ್ನು ಬಹುಮಟ್ಟಿಗೆ ತಡೆದು, ಸುಮಾರು 760ರಿಂದ 1100 ನ್ಯಾನೊಮೀಟರ್ ತರಂಗಾಂತರದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಆ ಬೆಳಕು ಎಲ್ಲಿಂದ ಬಂತು ಎಂಬುದು ಅದಕ್ಕೆ ತಿಳಿಯದು. ಸೂರ್ಯ, ಹಳೆಯ ತಂತಿ ಬಲ್ಬು, ಹ್ಯಾಲೊಜೆನ್ ದೀಪ, ಟಿವಿಯ ರಿಮೋಟ್ ಎಲ್ಲವೂ ಅದರ ಪಾಲಿಗೆ ಬೆಂಕಿಯ ನೆಂಟರೇ. ಬಿಳಿ ಎಲ್‌ಇಡಿ ಬಲ್ಬಿನಲ್ಲಿ ಅವಕೆಂಪು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಈಗಿನ ಮನೆಗಳಲ್ಲಿ ರಾತ್ರಿಯ ಹೊತ್ತು ಈ ಸೆನ್ಸರ್‌ಗೆ ನೆಮ್ಮದಿ.

ಇನ್ನೊಂದು ವಿಚಿತ್ರವೂ ಇದೆ. ಮೇಣದಬತ್ತಿ, ಕರ್ಪೂರ, ಕಾಗದ, ಬಟ್ಟೆ ಉರಿಯುವಾಗ ಹಳದಿಯಾಗಿ ಕಾಣುವುದು ಜ್ವಾಲೆಯೊಳಗೆ ಕಾದು ಕೆಂಡದಂತಾದ ಮಸಿಯ ಕಣಗಳು. ಅವು ಅವಕೆಂಪನ್ನು ಧಾರಾಳವಾಗಿ ಚೆಲ್ಲುತ್ತವೆ. ಸರಿಯಾಗಿ ಉರಿಯುವ ಗ್ಯಾಸ್ ಒಲೆಯ ನೀಲಿ ಜ್ವಾಲೆಯಲ್ಲಿ ಮಸಿಯಿಲ್ಲ, ಹಾಗಾಗಿ ಈ ಸೆನ್ಸರ್‌ಗೆ ಅದು ಮಂಕಾಗಿಯೇ ಕಾಣುತ್ತದೆ. ಅಡುಗೆಮನೆಯ ಅನಿಲದ ಬೆಂಕಿಗೆಂದು ಇದನ್ನು ಕೊಂಡವರು ನಿರಾಶರಾಗುವುದು ಇದೇ ಕಾರಣಕ್ಕೆ. ಕಾರ್ಖಾನೆಗಳಲ್ಲಿ ಬಳಸುವ ದುಬಾರಿ ಪತ್ತೆಕಾರಕಗಳು ಬೇರೆಯೇ ಕಡೆ ನೋಡುತ್ತವೆ. ಕೆಲವು ಬಿಸಿ ಇಂಗಾಲದ ಡೈಆಕ್ಸೈಡ್ ಹೊಮ್ಮಿಸುವ 4.3 ಮೈಕ್ರೊಮೀಟರ್ ಆಸುಪಾಸಿನ ಅವಕೆಂಪನ್ನು ಗಮನಿಸಿದರೆ, ಇನ್ನು ಕೆಲವು ಜ್ವಾಲೆಯ ನೇರಳಾತೀತ ಕಿರಣವನ್ನು ಹಿಡಿಯುತ್ತವೆ. ಸಿಲಿಕಾನ್ ಫೋಟೊಟ್ರಾನ್ಸಿಸ್ಟರ್‌ನ ದೃಷ್ಟಿ 1.1 ಮೈಕ್ರೊಮೀಟರ್‌ಗೇ ಮುಗಿಯುತ್ತದೆ.

ಹಾಗಾದರೆ ನಮ್ಮ ಬಡ ಸೆನ್ಸರ್‌ಗೆ ಉಳಿದ ದಾರಿ ಯಾವುದು? ಕುಣಿತ. ಬೆಂಕಿ ಒಂದೇ ಸಮ ಉರಿಯುವುದಿಲ್ಲ, ಅಲೆಅಲೆಯಾಗಿ ಏರಿಳಿಯುತ್ತದೆ. ಆ ಏರಿಳಿತದ ವೇಗಕ್ಕೆ ಅಂದಾಜು ಸೂತ್ರವೂ ಇದೆ: ಬೆಂಕಿಯ ಬುಡದ ಅಗಲವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ಅದರ ವರ್ಗಮೂಲದಿಂದ 1.5 ಅನ್ನು ಭಾಗಿಸಿದರೆ ಸೆಕೆಂಡಿಗೆ ಎಷ್ಟು ಸಲ ಎಂಬುದು ಸಿಗುತ್ತದೆ. ಬಾಣಲೆಯಷ್ಟು, ಅಂದರೆ 25 ಸೆಂಟಿಮೀಟರ್ ಅಗಲದ ಬೆಂಕಿ ಸೆಕೆಂಡಿಗೆ ಸುಮಾರು 3 ಸಲ ಕುಣಿಯುತ್ತದೆ. ಒಂದು ಮೀಟರ್ ಅಗಲದ್ದು ಒಂದೂವರೆ ಸಲ. ಬಿಸಿಲು ಕುಣಿಯುವುದಿಲ್ಲ. ತಂತಿ ಬಲ್ಬು ಕುಣಿಯುತ್ತದೆ, ಆದರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ. ಈ ವ್ಯತ್ಯಾಸವನ್ನು ಹಿಡಿಯುವ ಪ್ರೋಗ್ರಾಂ ಬರೆಯುವುದೇ ನಮ್ಮ ಕೆಲಸ.

ಬೇಕಾಗುವ ಸಾಮಾನು

ಆರ್ಡುಯಿನೊ ಯುನೊ ಬೋರ್ಡ್ ಒಂದು. ಅದರಲ್ಲಿರುವ ಎಟಿಮೆಗಾ328ಪಿ ಚಿಪ್‌ಗೆ 2 ಕಿಲೊಬೈಟ್ ಮೆಮೊರಿ ಮಾತ್ರ ಇದ್ದರೂ ನಮಗೆ ಅದು ಧಾರಾಳ ಸಾಕು. ನಾಲ್ಕು ಪಿನ್‌ಗಳ ಫ್ಲೇಮ್ ಸೆನ್ಸರ್ ಮಾಡ್ಯೂಲ್ ಒಂದು. ಮೂರು ಪಿನ್‌ಗಳದ್ದು ಕೊಳ್ಳಬೇಡಿ. ಅದು ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ, ಕುಣಿತವನ್ನು ಅಳೆಯಲು ನಮಗೆ ಬೆಳಕಿನ ಏರಿಳಿತವನ್ನು ಹಂತಹಂತವಾಗಿ ತಿಳಿಸುವ ಅನಲಾಗ್ ಪಿನ್ ಬೇಕೇ ಬೇಕು. 5 ವೋಲ್ಟ್‌ನ ಆಕ್ಟಿವ್ ಬಝರ್, ಬಿಸಿ547 ಟ್ರಾನ್ಸಿಸ್ಟರ್, 1 ಕಿಲೊಓಮ್ ಮತ್ತು 220 ಓಮ್ ರೆಸಿಸ್ಟರ್ ಒಂದೊಂದು, 940 ನ್ಯಾನೊಮೀಟರ್‌ನ ಅವಕೆಂಪು ಎಲ್‌ಇಡಿ ಒಂದು, ಒತ್ತುವ ಗುಂಡಿ ಒಂದು, ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ವೈರ್ ಸಿಕ್ಕಿಸುವ ಹಲಗೆ), ಜಂಪರ್ ವೈರ್‌ಗಳು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಂದೇ ಅಂಗಡಿಯಲ್ಲಿ ಇಷ್ಟೂ ಸಿಗುತ್ತವೆ. ಬೇರೆ ಊರಿನವರು ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದು.

ಜೋಡಣೆ

ಮಾಡ್ಯೂಲಿನ ವಿಸಿಸಿ ಪಿನ್ನನ್ನು ಯುನೊದ 5 ವೋಲ್ಟ್‌ಗೆ, ಜಿಎನ್‌ಡಿಯನ್ನು ಗ್ರೌಂಡ್‌ಗೆ, ಏಓ (ಅನಲಾಗ್) ಪಿನ್ನನ್ನು ಏ0ಗೆ ಜೋಡಿಸಿ. ಡಿಓ ಪಿನ್ ಸದ್ಯಕ್ಕೆ ಖಾಲಿಯಿರಲಿ.

ಡಿಓ ಪಿನ್ನನ್ನು ಬಿಟ್ಟದ್ದೇಕೆ ಎಂದರೆ, ಮಾಡ್ಯೂಲಿನ ಮೇಲಿರುವ ಎಲ್‌ಎಂ393 ಎಂಬ ಕಂಪೇರೇಟರ್ ಚಿಪ್ ಸೆನ್ಸರ್‌ನ ವೋಲ್ಟೇಜನ್ನು ಒಂದು ಹೊಸ್ತಿಲಿನೊಂದಿಗೆ ಹೋಲಿಸಿ ಹೌದು ಅಥವಾ ಇಲ್ಲ ಎನ್ನುತ್ತದೆ. ಆ ಉತ್ತರ ಹೊರಬರುವುದು ಡಿಓದಿಂದ. ಹೊಸ್ತಿಲನ್ನು ಏರಿಸಿ ಇಳಿಸಲು ನೀಲಿ ಬಣ್ಣದ ಚೌಕಾಕಾರದ ತಿರುಪು ಇದೆ. ಸಾಮಾನ್ಯ ಮಾಡ್ಯೂಲ್‌ಗಳಲ್ಲಿ ಆ ತಿರುಪನ್ನು ಎಷ್ಟು ತಿರುಗಿಸಿದರೂ ಏಓ ಪಿನ್ನಿನ ಅಂಕಿ ಬದಲಾಗುವುದಿಲ್ಲ. ಇದು ಗೊತ್ತಿಲ್ಲದೆ ಒಂದು ಸಂಜೆಯೆಲ್ಲ ಸ್ಕ್ರೂಡ್ರೈವರ್ ಹಿಡಿದು ಕೂತವರಲ್ಲಿ ನಾನೂ ಒಬ್ಬ. ಇನ್ನೊಂದು ತೊಡಕೂ ಇದೆ: ಬೆಂಕಿ ಕಂಡಾಗ ಕೆಲವು ಮಾಡ್ಯೂಲ್‌ಗಳ ಡಿಓ ಸೊನ್ನೆಗೆ ಇಳಿಯುತ್ತದೆ, ಕೆವೈ-026 ಹೆಸರಿನಲ್ಲಿ ಬರುವ ಕೆಲವು ಒಂದಕ್ಕೆ ಏರುತ್ತವೆ. ಬೇರೆಯವರ ಪ್ರೋಗ್ರಾಂ ನಕಲು ಮಾಡಿದಾಗ ಬೆಂಕಿ ಇಲ್ಲದಿದ್ದರೆ ಕೂಗುವ, ಇದ್ದರೆ ಸುಮ್ಮನಿರುವ ಯಂತ್ರ ಸಿದ್ಧವಾಗುವುದು ಹೀಗೆ.

ಬಝರನ್ನು ನೇರವಾಗಿ ಪಿನ್ನಿಗೆ ಸಿಕ್ಕಿಸಬೇಡಿ. ಯುನೊದ ಒಂದು ಪಿನ್ನಿನಿಂದ 20 ಮಿಲಿಆಂಪಿಯರ್‌ಗಿಂತ ಹೆಚ್ಚು ಎಳೆಯದಿರುವುದು ಕ್ಷೇಮ. ಬಝರ್ ಅದಕ್ಕಿಂತ ಹೆಚ್ಚು ಕೇಳಬಹುದು. 8ನೇ ಪಿನ್ನಿನಿಂದ 1 ಕಿಲೊಓಮ್ ರೆಸಿಸ್ಟರ್ ಮೂಲಕ ಬಿಸಿ547ರ ಬೇಸ್‌ಗೆ ವೈರ್ ಎಳೆಯಿರಿ. ಎಮಿಟರ್ ಗ್ರೌಂಡ್‌ಗೆ, ಕಲೆಕ್ಟರ್ ಬಝರಿನ ಋಣ ತುದಿಗೆ, ಬಝರಿನ ಧನ ತುದಿ 5 ವೋಲ್ಟ್‌ಗೆ. ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದರೆ, ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್.

ಗುಂಡಿಯ ಒಂದು ತುದಿ 4ನೇ ಪಿನ್ನಿಗೆ, ಇನ್ನೊಂದು ಗ್ರೌಂಡ್‌ಗೆ. ಅವಕೆಂಪು ಎಲ್‌ಇಡಿಯ ಉದ್ದ ಕಾಲು 220 ಓಮ್ ರೆಸಿಸ್ಟರ್ ಮೂಲಕ 7ನೇ ಪಿನ್ನಿಗೆ, ಗಿಡ್ಡ ಕಾಲು ಗ್ರೌಂಡ್‌ಗೆ. ಈ ಎಲ್‌ಇಡಿ ಸೆನ್ಸರ್‌ನ ಓರೆಯಲ್ಲಿ, ಅದರ ಕಣ್ಣಿನತ್ತ ತಿರುಗಿರಲಿ. ಅದು ಏಕೆ ಎಂದು ಮುಂದೆ ಹೇಳುತ್ತೇನೆ. 0 ಮತ್ತು 1ನೇ ಪಿನ್‌ಗಳನ್ನು ಮುಟ್ಟಬೇಡಿ, ಕಂಪ್ಯೂಟರಿನೊಂದಿಗೆ ಬೋರ್ಡ್ ಮಾತಾಡುವುದು ಅವುಗಳ ಮೂಲಕ.

ಮೊದಲ ಪ್ರೋಗ್ರಾಂ: ಬರೀ ನೋಡುವುದು

ಪ್ರೋಗ್ರಾಂ ಬರೆದು ಬೋರ್ಡಿಗೆ ಕಳುಹಿಸುವ ತಂತ್ರಾಂಶವಾದ ಆರ್ಡುಯಿನೊ ಐಡಿಇ ತೆರೆದು, ಬೋರ್ಡ್ ಪಟ್ಟಿಯಲ್ಲಿ ಯುನೊ ಆರಿಸಿ, ಪೋರ್ಟ್ ಆರಿಸಿ. ಅಗ್ಗದ ಬೋರ್ಡ್ ಆಗಿದ್ದು ಪೋರ್ಟ್ ಕಾಣಿಸದಿದ್ದರೆ ಬಹುಶಃ ಸಿಎಚ್340 ಚಿಪ್‌ನ ಡ್ರೈವರ್ ಹಾಕಿಕೊಳ್ಳಬೇಕು. ಡೇಟಾ ಹೋಗದ, ಚಾರ್ಜಿಂಗ್‌ಗೆ ಮಾತ್ರ ಆಗುವ ಯುಎಸ್‌ಬಿ ಕೇಬಲ್ ಇರಬಹುದು ಎಂಬುದನ್ನೂ ಮರೆಯಬೇಡಿ. ಈ ತಪ್ಪು ಹುಡುಕಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ನಕಲು ಮಾಡಿ ಅಂಟಿಸುವ ಸಾಲುಗಳನ್ನು ನಾನು ಕೊಡುತ್ತಿಲ್ಲ. ತರ್ಕವನ್ನು ಕನ್ನಡದಲ್ಲಿ ಬರೆದು, ಎಲ್ಲಿ ಯಾವ ಆಜ್ಞೆ ಬಳಸಬೇಕು ಎಂದು ಹೇಳುತ್ತೇನೆ. ನಿಮ್ಮ ಮಾಡ್ಯೂಲಿನ ಅಂಕಿಗಳು ನನ್ನವಲ್ಲ, ನಿಮ್ಮ ಮೂಲೆಯ ಬೆಳಕೂ ನನ್ನದಲ್ಲ. ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಮೊದಲ ಪದ ಸಣ್ಣಕ್ಷರದಲ್ಲೂ ಎರಡನೆಯ ಪದದ ಮೊದಲಕ್ಷರ ದೊಡ್ಡಕ್ಷರದಲ್ಲೂ ಇರಬೇಕು, ನಡುವೆ ಜಾಗ ಬಿಡಬಾರದು. ಸೀರಿಯಲ್ ಆಜ್ಞೆಗಳು ಮಾತ್ರ ಬೇರೆ: ಸೀರಿಯಲ್ ಪದದ ಮೊದಲಕ್ಷರ ದೊಡ್ಡದು, ಅದರ ನಂತರ ಒಂದು ಚುಕ್ಕೆ, ಮುಂದಿನ ಪದ ಪೂರ್ತಿ ಸಣ್ಣಕ್ಷರ.

ಪ್ರತಿ ಪ್ರೋಗ್ರಾಂನಲ್ಲೂ ಎರಡು ಭಾಗ: ಒಮ್ಮೆ ಮಾತ್ರ ನಡೆಯುವ ಸೆಟಪ್, ಮತ್ತೆ ಮತ್ತೆ ಸುತ್ತುವ ಲೂಪ್. ಸೆಟಪ್‌ನಲ್ಲಿ ಸೀರಿಯಲ್ ಬಿಗಿನ್ ಆಜ್ಞೆಗೆ 9600 ಕೊಡಿ. ಲೂಪ್‌ನಲ್ಲಿ ಏ0 ಮೇಲೆ ಅನಲಾಗ್‌ರೀಡ್ ಮಾಡಿ, ಬಂದದ್ದನ್ನು 1023ರಿಂದ ಕಳೆದು, ಸೀರಿಯಲ್ ಪ್ರಿಂಟ್‌ಎಲ್‌ಎನ್ ಮೂಲಕ ಕಂಪ್ಯೂಟರಿಗೆ ಕಳುಹಿಸಿ, ಡಿಲೇ ಆಜ್ಞೆಯಿಂದ 20 ಮಿಲಿಸೆಕೆಂಡ್ ಕಾಯಿರಿ. ಇಷ್ಟೇ.

1023ರಿಂದ ಕಳೆಯುವುದೇಕೆ? ಯುನೊ 0ಯಿಂದ 5 ವೋಲ್ಟ್‌ವರೆಗಿನ ಅಳತೆಯನ್ನು 0ಯಿಂದ 1023ರ ಅಂಕಿಯಾಗಿ ಕೊಡುತ್ತದೆ. ಈ ಮಾಡ್ಯೂಲ್‌ಗಳಲ್ಲಿ ಸಾಮಾನ್ಯವಾಗಿ ಬೆಳಕು ಹೆಚ್ಚಿದಷ್ಟೂ ವೋಲ್ಟೇಜ್ ಇಳಿಯುತ್ತದೆ. ಕಳೆದರೆ ಬೆಳಕು ಹೆಚ್ಚಿದಂತೆ ಅಂಕಿಯೂ ಹೆಚ್ಚುತ್ತದೆ, ತಲೆಗೆ ಹಿತ. ಈ ಕಳೆದ ಅಂಕಿಯನ್ನು ಇನ್ನು ಮುಂದೆ ‘ಬಲ’ ಎನ್ನುತ್ತೇನೆ. ನಿಮ್ಮ ಮಾಡ್ಯೂಲ್ ತಿರುಗುಮುರುಗಾಗಿದ್ದರೆ ಕಳೆಯುವುದು ಬೇಡ.

ಈಗ ಸೀರಿಯಲ್ ಪ್ಲಾಟರ್ ತೆರೆಯಿರಿ. ಬಲ ಒಂದು ಗೆರೆಯಾಗಿ ಓಡುತ್ತದೆ. ಇಲ್ಲಿ ಆತುರ ಮಾಡದೆ ಒಂದು ಗಂಟೆ ಆಟವಾಡಿ. ಟಿವಿ ರಿಮೋಟಿನ ಗುಂಡಿ ಒತ್ತಿ. ಗೆರೆ ನಡುಗಿದರೆ ಸೆನ್ಸರ್ ಜೀವಂತವಾಗಿದೆ, ಬೆಂಕಿ ಹಚ್ಚದೆಯೇ ಗೊತ್ತಾಯಿತು. ಕಿಟಕಿಯ ಪರದೆ ಸರಿಸಿ. ಗೆರೆ ಮೇಲೇರಿ ಅಲ್ಲೇ ನಿಲ್ಲುತ್ತದೆ. ಊದುಬತ್ತಿಯ ಕೆಂಡವನ್ನು ಬಹಳ ಹತ್ತಿರ ತನ್ನಿ. ಆಮೇಲೆ ಮೇಣದಬತ್ತಿ: 30 ಸೆಂಟಿಮೀಟರ್, 60, ಒಂದು ಮೀಟರ್ ದೂರದಲ್ಲಿಟ್ಟು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ದೂರ ಇಮ್ಮಡಿಯಾದರೆ ಬೀಳುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮೇಣದಬತ್ತಿಯಷ್ಟು ಚಿಕ್ಕ ಜ್ವಾಲೆಯನ್ನು ಒಂದು ಮೀಟರ್‌ಗಿಂತ ಆಚೆ ಗುರುತಿಸುವುದು ಈ ಸೆನ್ಸರ್‌ಗೆ ಕಷ್ಟ ಎಂಬುದು ನಿಮ್ಮದೇ ಹಾಳೆಯಲ್ಲಿ ಕಾಣುತ್ತದೆ.

ಗಾಳಿಯಾಡದ ಕೋಣೆಯಲ್ಲಿ ಮೇಣದಬತ್ತಿಯ ಗೆರೆ ಬಹುತೇಕ ನೇರವಾಗಿರುತ್ತದೆ. ಬಾಯಿಂದ ಮೆಲ್ಲಗೆ ಊದಿ, ಆಗ ಕುಣಿಯುತ್ತದೆ. ದೇವರ ಮುಂದಿನ ದೀಪವೂ ಹಾಗೆಯೇ, ಗಾಳಿ ತಾಗದಿದ್ದರೆ ಅಲುಗದು. ಇದು ನಮಗೆ ಅನುಕೂಲವೇ. ಶಾಂತವಾಗಿ ಉರಿಯುವ ಚಿಕ್ಕ ದೀಪ ಕುಣಿಯುವುದಿಲ್ಲ, ಹತ್ತಿಕೊಂಡ ಬಟ್ಟೆ ಕುಣಿಯುತ್ತದೆ.

ಮುಖ್ಯ ಪ್ರೋಗ್ರಾಂ

ಮೊದಲ ಕೆಲಸ, ಬಲ್ಬಿನ ಕುಣಿತವನ್ನು ಅಳಿಸುವುದು. ವಿದ್ಯುತ್ತಿನ ಒಂದು ಪೂರ್ತಿ ಸುತ್ತಿಗೆ 20 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ತಂತಿ ಬಲ್ಬು ಎರಡು ಸಲ ಏರಿ ಇಳಿದಿರುತ್ತದೆ. ಆ 20 ಮಿಲಿಸೆಕೆಂಡಿನಲ್ಲಿ ಒಂದೊಂದು ಮಿಲಿಸೆಕೆಂಡಿಗೆ ಒಂದರಂತೆ 20 ಸಲ ಅಳೆದು ಸರಾಸರಿ ತೆಗೆದರೆ ಏರಿದ್ದು ಇಳಿದದ್ದು ಪರಸ್ಪರ ವಜಾ ಆಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಅನಲಾಗ್‌ರೀಡ್‌ಗೇ ಸುಮಾರು 0.1 ಮಿಲಿಸೆಕೆಂಡ್ ಬೇಕು, ಆದ್ದರಿಂದ ಅಳೆದು ಒಂದು ಮಿಲಿಸೆಕೆಂಡ್ ಡಿಲೇ ಹಾಕಿದರೆ ಒಟ್ಟು 22 ಮಿಲಿಸೆಕೆಂಡ್ ದಾಟುತ್ತದೆ, ಬಲ್ಬಿನ ಕುಣಿತದ ಚೂರು ಉಳಿದುಬಿಡುತ್ತದೆ. ಡಿಲೇ ಬದಲು ಮೈಕ್ರೋಸ್ ಆಜ್ಞೆಯಿಂದ ಗಡಿಯಾರ ನೋಡಿ, ಹಿಂದಿನ ಅಳತೆಯಿಂದ 1000 ಮೈಕ್ರೊಸೆಕೆಂಡ್ ಆಗುವವರೆಗೆ ಕಾಯಿರಿ.

ಹೀಗೆ ಸಿಕ್ಕ ಸರಾಸರಿಗಳನ್ನು 100 ಮನೆಗಳ ಒಂದು ಅರೇಯಲ್ಲಿ (ಅಂಕಿಗಳನ್ನು ಸಾಲಾಗಿ ಇಡುವ ಪಟ್ಟಿಯಲ್ಲಿ) ತುಂಬಿ. 100 ಮನೆ ತುಂಬಲು 2 ಸೆಕೆಂಡ್. ಈ 2 ಸೆಕೆಂಡಿನ ತುಂಡನ್ನು ‘ಕಿಟಕಿ’ ಎನ್ನೋಣ. ಕಿಟಕಿ ತುಂಬಿದ ಮೇಲೆ ಕೇಳಬೇಕಾದ ಪ್ರಶ್ನೆಗಳು ಹೀಗಿವೆ:

ಕಿಟಕಿಯ ಸರಾಸರಿ ಬಲ = 100 ಮನೆಗಳ ಮೊತ್ತ ÷ 100
ಹರವು = ಅತಿ ದೊಡ್ಡ ಬಲ − ಅತಿ ಚಿಕ್ಕ ಬಲ
ದಾಟು = ಬಲವು ಸರಾಸರಿ ಗೆರೆಯನ್ನು ಎಷ್ಟು ಸಲ ದಾಟಿತು
ಸರಾಸರಿ, ವಾಡಿಕೆಯ ಬಲಕ್ಕಿಂತ 60 ಹೆಚ್ಚಿದೆಯೇ?
ಹರವು 15ಕ್ಕಿಂತ ಹೆಚ್ಚೇ?
ದಾಟು 4ರಿಂದ 40ರ ಒಳಗಿದೆಯೇ?
ಮೂರಕ್ಕೂ ಹೌದು ಎಂದಾದರೆ ಅನುಮಾನಕ್ಕೆ 1 ಸೇರಿಸು, 5 ಮೀರಬಾರದು
ಇಲ್ಲವಾದರೆ ಅನುಮಾನದಿಂದ 1 ಕಳೆ, 0ಗಿಂತ ಇಳಿಯಬಾರದು
ಅನುಮಾನ 3 ಮುಟ್ಟಿದರೆ ಕೂಗು

ದಾಟುವಿಕೆಯ ಲೆಕ್ಕ: ಒಂದು ಕುಣಿತದಲ್ಲಿ ಗೆರೆಯನ್ನು ಎರಡು ಸಲ ದಾಟಬೇಕು, ಮೇಲೆ ಹೋಗುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಸೆಕೆಂಡಿಗೆ 1ರಿಂದ 10 ಕುಣಿತ ಎಂದರೆ 2 ಸೆಕೆಂಡಿನಲ್ಲಿ 4ರಿಂದ 40 ದಾಟು. ಬಾಣಲೆಯಗಲದ ಬೆಂಕಿಗೆ 12ರ ಆಸುಪಾಸು ಬರಬೇಕು. ಗೆರೆಯ ಹತ್ತಿರ ಸುಮ್ಮನೆ ತೊನೆಯುವ ಒಂದೆರಡು ಅಂಕಿಗಳನ್ನು ದಾಟು ಎಂದು ಎಣಿಸದಿರಲು, ಸರಾಸರಿಗಿಂತ 3 ಮೇಲೆ ಹೋದರೆ ಮಾತ್ರ ‘ಮೇಲೆ’, 3 ಕೆಳಗೆ ಬಂದರೆ ಮಾತ್ರ ‘ಕೆಳಗೆ’ ಎಂದು ಇಟ್ಟುಕೊಳ್ಳಿ. 60, 15, 3 ಇವೆಲ್ಲ ನನ್ನ ಮೂಲೆಗೆ ಹೊಂದಿದ ಅಂಕಿಗಳು. ನಿಮ್ಮವು ನಿಮ್ಮ ಹಾಳೆಯಿಂದ ಬರಲಿ.

‘ವಾಡಿಕೆಯ ಬಲ’ ಎಂದರೆ ಬೆಂಕಿಯಿಲ್ಲದಾಗ ಆ ಮೂಲೆಯಲ್ಲಿ ಇರುವ ಬೆಳಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದು ಬದಲಾಗುತ್ತಲೇ ಇರುತ್ತದೆ. ಅನುಮಾನ ಸೊನ್ನೆಯಾಗಿರುವ ಪ್ರತಿ ಕಿಟಕಿಯ ಕೊನೆಗೆ, ಈಗಿನ ಸರಾಸರಿಗೂ ವಾಡಿಕೆಗೂ ಇರುವ ಅಂತರದ 64ರಲ್ಲಿ ಒಂದು ಪಾಲನ್ನು ವಾಡಿಕೆಗೆ ಸೇರಿಸಿ. ಹೀಗೆ ಅದು ಒಂದೆರಡು ನಿಮಿಷಗಳಲ್ಲಿ ಬೆಳಕಿನ ಹಿಂದೆ ಮೆಲ್ಲಗೆ ನಡೆಯುತ್ತದೆ. ಆದರೆ 200 ದಾಟಲು ಬಿಡಬೇಡಿ. ಇಲ್ಲದಿದ್ದರೆ ನಿಧಾನವಾಗಿ ಬೆಳೆಯುವ ಬೆಂಕಿಗೂ ಅದು ಒಗ್ಗಿಕೊಂಡುಬಿಡುತ್ತದೆ.

ಈ ಭಾಗದಲ್ಲಿ ಎರಡು ಹಳ್ಳಗಳಿವೆ, ಎರಡರಲ್ಲೂ ನಾನು ಬಿದ್ದಿದ್ದೇನೆ. ಯುನೊದಲ್ಲಿ ಇಂಟ್ ಎಂಬ ಪೂರ್ಣಾಂಕದ ಗರಿಷ್ಠ ಮಿತಿ 32767. 20 ಅಳತೆಗಳ ಮೊತ್ತ ಹೆಚ್ಚೆಂದರೆ 20460, ಅದು ಹಿಡಿಸುತ್ತದೆ. 100 ಮನೆಗಳ ಮೊತ್ತ 102300ರವರೆಗೆ ಹೋಗಬಹುದು. ಇಂಟ್‌ನಲ್ಲಿಟ್ಟರೆ ಅದು ಸದ್ದಿಲ್ಲದೆ ಉಕ್ಕಿ ಋಣ ಸಂಖ್ಯೆಯಾಗುತ್ತದೆ. ಬೆಂಕಿ ದೊಡ್ಡದಾದಾಗ ಮಾತ್ರ ಕೆಡುವ ಬೆಂಕಿ ಪತ್ತೆಯಂತ್ರ! ಮೊತ್ತಕ್ಕೆ ದೊಡ್ಡ ಪೂರ್ಣಾಂಕ ಹಿಡಿಸುವ ಲಾಂಗ್ ಬಳಸಿ. ಎರಡನೆಯದು, ವಾಡಿಕೆಯ ಬಲವನ್ನು ಪೂರ್ಣಾಂಕದಲ್ಲಿಟ್ಟರೆ 64ಕ್ಕಿಂತ ಚಿಕ್ಕ ಅಂತರವನ್ನು 64ರಿಂದ ಭಾಗಿಸಿದಾಗ ಸೊನ್ನೆ ಬರುತ್ತದೆ, ವಾಡಿಕೆ ಇದ್ದಲ್ಲೇ ಕೂರುತ್ತದೆ. ಅದಕ್ಕೆ ದಶಮಾಂಶ ಹಿಡಿಸುವ ಫ್ಲೋಟ್ ಬಳಸಿ.

ಇನ್ನೊಂದು ನಿಯಮ ಸೇರಿಸದೆ ಇದನ್ನು ಗೋಡೆಗೆ ಹಾಕಬೇಡಿ. ಬೆಂಕಿ ತೀರಾ ಹತ್ತಿರವಿದ್ದು ದೊಡ್ಡದಾಗಿದ್ದರೆ ಸೆನ್ಸರ್ ತುಂಬಿ ತುಳುಕಿ, ಬಲ 1000ದ ಹತ್ತಿರ ನಿಂತುಬಿಡುತ್ತದೆ. ಅಲ್ಲಿ ಕುಣಿತ ಕಾಣುವುದಿಲ್ಲ, ಗೆರೆ ಸಪಾಟು. ಕುಣಿತವನ್ನೇ ನಂಬಿದ ಪ್ರೋಗ್ರಾಂ ‘ಬಿಸಿಲು’ ಎಂದು ಸುಮ್ಮನಾಗುತ್ತದೆ. ಆದ್ದರಿಂದ ಸತತ ಎರಡು ಕಿಟಕಿಗಳ ಸರಾಸರಿ 900 ದಾಟಿದರೆ, ಕುಣಿತ ಇರಲಿ ಇಲ್ಲದಿರಲಿ, ಕೂಗಬೇಕು. ನೇರ ಬಿಸಿಲೂ ಇದನ್ನು ಕೆಣಕಬಲ್ಲದು. ಅದಕ್ಕೆ ಮದ್ದು ಪ್ರೋಗ್ರಾಂನಲ್ಲಿಲ್ಲ, ಸೆನ್ಸರ್ ಕೂರಿಸುವ ಜಾಗದಲ್ಲಿದೆ.

ಕೂಗುವುದು, ಸುಮ್ಮನಾಗಿಸುವುದು

ಒಮ್ಮೆ ಕೂಗಲು ಶುರುವಾದರೆ, ಯಾರಾದರೂ ಬಂದು ಗುಂಡಿ ಒತ್ತುವವರೆಗೆ ನಿಲ್ಲಬಾರದು. ಸೆನ್ಸರ್ ಸುಟ್ಟುಹೋದರೆ ಅಥವಾ ಹೊಗೆ ಕವಿದರೆ ಬಲ ಇಳಿಯುತ್ತದೆ. ಬೆಂಕಿ ಆರಿತು ಎಂದು ತಿಳಿದು ಯಂತ್ರ ತಾನೇ ಬಾಯಿ ಮುಚ್ಚಿಕೊಂಡರೆ ಗತಿಯೇನು? ‘ಕೂಗುತ್ತಿದೆ’ ಎಂಬುದನ್ನು ಒಂದು ಬೂಲಿಯನ್ ಚರದಲ್ಲಿಡಿ, ಅದರಲ್ಲಿ ನಿಜ ಅಥವಾ ಸುಳ್ಳು ಮಾತ್ರ ಹಿಡಿಸುತ್ತದೆ. ಅದನ್ನು ಸುಳ್ಳು ಮಾಡುವ ಅಧಿಕಾರ ಗುಂಡಿಗೆ ಮಾತ್ರ ಇರಲಿ. ಸೆಟಪ್‌ನಲ್ಲಿ ಗುಂಡಿಯ ಪಿನ್ನಿಗೆ ಪಿನ್‌ಮೋಡ್ ಕೊಡುವಾಗ ಇನ್‌ಪುಟ್ ಪುಲ್‌ಅಪ್ ಎಂದು (ಎಲ್ಲ ದೊಡ್ಡಕ್ಷರ, ಎರಡು ಪದಗಳ ನಡುವೆ ಅಡಿಗೆರೆ) ಬರೆಯಿರಿ; ಆಗ ಬೇರೆ ರೆಸಿಸ್ಟರ್ ಬೇಡ, ಒತ್ತಿದಾಗ ಡಿಜಿಟಲ್‌ರೀಡ್ ಸೊನ್ನೆ ಕೊಡುತ್ತದೆ. ಗುಂಡಿಯನ್ನು 20 ಮಿಲಿಸೆಕೆಂಡಿಗೊಮ್ಮೆ, ಪ್ರತಿ ಸರಾಸರಿಯ ನಂತರ ನೋಡಿ. ಎರಡು ಸೆಕೆಂಡಿಗೊಮ್ಮೆ ನೋಡಿದರೆ ಒತ್ತಿದವರು ತಾಳ್ಮೆ ಕಳೆದುಕೊಳ್ಳುತ್ತಾರೆ.

ಬಝರನ್ನು ಅರ್ಧ ಸೆಕೆಂಡ್ ಕೂಗಿಸಿ ಅರ್ಧ ಸೆಕೆಂಡ್ ನಿಲ್ಲಿಸುವುದಕ್ಕೂ ಡಿಲೇ ಬೇಡ, ಮಿಲಿಸ್ ಆಜ್ಞೆ ಬಳಸಿ. ಮಿಲಿಸ್ ಸುಮಾರು 49.7 ದಿನಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ಸಮಯವನ್ನು ಅನ್‌ಸೈನ್ಡ್ ಲಾಂಗ್‌ನಲ್ಲಿಟ್ಟು ‘ಈಗಿನದರಿಂದ ಹಿಂದಿನದನ್ನು ಕಳೆದರೆ 500 ಆಯಿತೇ’ ಎಂದು ಕೇಳಿದರೆ ಆ ತಿರುವು ತೊಂದರೆ ಕೊಡುವುದಿಲ್ಲ. ತಿಂಗಳುಗಟ್ಟಲೆ ಓಡುವ ಯಂತ್ರಕ್ಕೆ ವಾಚ್‌ಡಾಗ್ ಕೂಡ ಹಾಕಿ: ಪ್ರೋಗ್ರಾಂ ಎಲ್ಲಾದರೂ ಸಿಕ್ಕಿಬಿದ್ದರೆ ಚಿಪ್ ತನ್ನನ್ನು ತಾನೇ ಮತ್ತೆ ಆರಂಭಿಸಿಕೊಳ್ಳುತ್ತದೆ. ಹಳೆಯ ಬೂಟ್‌ಲೋಡರ್ (ಚಿಪ್ ಆರಂಭವಾದಾಗ ಮೊದಲು ಓಡುವ ಚಿಕ್ಕ ಪ್ರೋಗ್ರಾಂ) ಇರುವ ಕೆಲವು ನ್ಯಾನೊ ಬೋರ್ಡ್‌ಗಳು ವಾಚ್‌ಡಾಗ್‌ನಿಂದ ಪದೇ ಪದೇ ಮರುಪ್ರಾರಂಭವಾಗುವ ಸುಳಿಗೆ ಬೀಳುತ್ತವೆ. ಯುನೊದಲ್ಲಿ ಆ ಕಾಟವಿಲ್ಲ.

ರಿಲೇ (ಬೋರ್ಡಿನ ಆಜ್ಞೆಗೆ ತಿರುಗುವ ಸ್ವಿಚ್) ಹಾಕಿ ಮನೆಯ 230 ವೋಲ್ಟ್ ಸಂಪರ್ಕವನ್ನೇ ಕಡಿಯುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ನನ್ನ ಸಲಹೆ, ಬೇಡ. ಬ್ರೆಡ್‌ಬೋರ್ಡಿನ ಸಡಿಲ ವೈರ್‌ಗಳ ಪಕ್ಕದಲ್ಲಿ 230 ವೋಲ್ಟ್ ತಂದಿಟ್ಟರೆ ಬೆಂಕಿಗೆ ಹೊಸದೊಂದು ಕಾರಣ ಕೊಟ್ಟಂತಾಗುತ್ತದೆ.

ಕಣ್ಣು ಕುರುಡಾದರೆ?

ಧೂಳು ಕೂತರೆ, ಜೇಡ ಬಲೆ ಕಟ್ಟಿದರೆ, ಏಓ ವೈರ್ ಸಡಿಲವಾದರೆ ಯಂತ್ರ ಸುಮ್ಮನಿರುತ್ತದೆ. ಆ ಮೌನಕ್ಕೂ, ಎಲ್ಲ ಸರಿಯಿದೆ ಎಂಬ ಮೌನಕ್ಕೂ ಹೊರಗಿನಿಂದ ವ್ಯತ್ಯಾಸ ತಿಳಿಯುವುದಿಲ್ಲ. ಅವಕೆಂಪು ಎಲ್‌ಇಡಿ ಜೋಡಿಸಿದ್ದು ಇದಕ್ಕೆ. ಗಂಟೆಗೊಮ್ಮೆ, ಒಂದು ಕಿಟಕಿ ಮುಗಿದು ಇನ್ನೊಂದು ಶುರುವಾಗುವ ನಡುವೆ, ಬಲವನ್ನು ಅಳೆದುಕೊಳ್ಳಿ; 7ನೇ ಪಿನ್ನನ್ನು 100 ಮಿಲಿಸೆಕೆಂಡ್ ಹೊತ್ತಿಸಿ ಮತ್ತೆ ಅಳೆಯಿರಿ; ಆರಿಸಿ. ಬಲ ಕನಿಷ್ಠ 50 ಜಿಗಿದಿರಬೇಕು. ಸತತ ಮೂರು ಸಲ ಜಿಗಿಯದಿದ್ದರೆ ಅರ್ಧ ನಿಮಿಷಕ್ಕೊಮ್ಮೆ ಬಝರನ್ನು ಚಿಕ್ಕದಾಗಿ ಚಿಲಿಪಿಲಿಗುಟ್ಟಿಸಿ. ದುಬಾರಿ ಪತ್ತೆಕಾರಕಗಳೂ ತಮ್ಮ ಗಾಜನ್ನು ಹೀಗೆಯೇ ಪರೀಕ್ಷಿಸಿಕೊಳ್ಳುತ್ತವೆ. ಆಗಲೇ ಬೆಳಕು ಜಾಸ್ತಿಯಿದ್ದರೆ ಜಿಗಿತ ಕಾಣುವುದಿಲ್ಲ, ಆದ್ದರಿಂದ ಬಲ 500 ದಾಟಿರುವಾಗ ಪರೀಕ್ಷೆಯನ್ನು ಮುಂದೂಡಿ.

ನಿಜವಾದ ಬೆಂಕಿಯ ಪರೀಕ್ಷೆ

ಮನೆಯ ಹೊರಗೆ, ಸಂಜೆ ಬಿಸಿಲು ಇಳಿದ ಮೇಲೆ. ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಬುಟ್ಟಿ ಮರಳು, ಇನ್ನೊಬ್ಬ ದೊಡ್ಡವರು. ಮಕ್ಕಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇದನ್ನು ಮಾಡುತ್ತಿದ್ದರೆ ಬೆಂಕಿ ಹಚ್ಚುವುದು ದೊಡ್ಡವರ ಕೆಲಸ. ಹಳೆಯ ಕಬ್ಬಿಣದ ಬಾಣಲೆಯಲ್ಲಿ ಎರಡು ಹಾಳೆ ಪತ್ರಿಕೆ, ಒಂದು ತುಂಡು ಹತ್ತಿ ಬಟ್ಟೆ ಇಟ್ಟು ಹಚ್ಚಿ. ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಲೇಬಾರದು. ಸೆನ್ಸರ್ ಒಂದೂವರೆ ಮೀಟರ್ ದೂರದಲ್ಲಿರಲಿ.

ಪ್ರತಿ ಕಿಟಕಿಯ ಸರಾಸರಿ, ಹರವು, ದಾಟು, ಅನುಮಾನ ನಾಲ್ಕನ್ನೂ ಸೀರಿಯಲ್ ಮಾನಿಟರಿಗೆ ಕಳುಹಿಸಿ ಗಮನಿಸಿ. ಅನುಮಾನ 1, 2, 3 ಎಂದೇರಿ ಸುಮಾರು 6 ಸೆಕೆಂಡಿನಲ್ಲಿ ಕೂಗಬೇಕು. ಕೂಗದಿದ್ದರೆ ಮೂರರಲ್ಲಿ ಯಾವ ಪ್ರಶ್ನೆ ಸೋತಿತು ಎಂಬುದು ಅಂಕಿಗಳಲ್ಲೇ ಇರುತ್ತದೆ: ಸರಾಸರಿ ಕಡಿಮೆಯಿದ್ದರೆ ದೂರ ಹೆಚ್ಚಾಯಿತು, ದಾಟು ಕಡಿಮೆಯಿದ್ದರೆ 3ರ ಅಂಚನ್ನು 2ಕ್ಕಿಳಿಸಿ. ಆಮೇಲೆ ಬೆಂಕಿ ಆರಿಸಿ; ಮರುದಿನ, ನೇರ ಬಿಸಿಲು ಸೆನ್ಸರ್‌ನ ಕಣ್ಣಿಗೆ ಬೀಳದಂತೆ ಹಗಲಿನ ಬೆಳಕಲ್ಲಿಟ್ಟು ಕೂಗುವುದಿಲ್ಲ ಎಂಬುದನ್ನೂ ನೋಡಿ. ಕೈಯನ್ನು ಸೆನ್ಸರ್ ಮುಂದೆ ಬೀಸಿ.

ಒಂದು ಸೋಲನ್ನು ಒಪ್ಪಿಕೊಳ್ಳಬೇಕು. ಮೂರು ರೆಕ್ಕೆಯ ಸೀಲಿಂಗ್ ಫ್ಯಾನ್ ನಿಮಿಷಕ್ಕೆ 300 ಸುತ್ತು ತಿರುಗಿದರೆ ಬಿಸಿಲಿನ ಕೋಲನ್ನು ಸೆಕೆಂಡಿಗೆ 15 ಸಲ ಕತ್ತರಿಸುತ್ತದೆ. ಅದು ನಮ್ಮ 10ರ ಮಿತಿಯ ಆಚೆ. ಅದೇ ಫ್ಯಾನನ್ನು ನಿಧಾನಕ್ಕೆ, 180 ಸುತ್ತಿಗೆ ಇಳಿಸಿದರೆ 9 ಸಲ. ಆಗ ಪ್ರೋಗ್ರಾಂ ಅದನ್ನು ಬೆಂಕಿ ಎಂದೇ ನಂಬುತ್ತದೆ. ಗಾಳಿಗೆ ಅಲುಗುವ ತೆಂಗಿನ ಗರಿಯ ನಡುವಿನ ಬಿಸಿಲೂ ಹೀಗೆಯೇ. ಒಂದೇ ಕಣ್ಣಿನ ಸೆನ್ಸರ್‌ನಿಂದ ಇದಕ್ಕೆ ಪರಿಹಾರವಿಲ್ಲ.

ಕೂರಿಸುವ ಜಾಗ

ಸೆನ್ಸರ್‌ನ ನೋಟ ಸುಮಾರು 60 ಡಿಗ್ರಿಯ ಶಂಕು. ಒಂದು ಮೀಟರ್ ದೂರದಲ್ಲಿ ಅದು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲದ ವೃತ್ತವನ್ನಷ್ಟೇ ನೋಡುತ್ತದೆ. ಮನೆಯ ಕಿಟಕಿಗೆ ಬೆನ್ನು ಮಾಡಿ, ಮೇಲಿನಿಂದ ಓರೆಯಾಗಿ ಕೆಳಗೆ ನೋಡುವಂತೆ ಕೂರಿಸಿ. ಕಪ್ಪು ಕಾಗದದ ಒಂದು ಅಂಗುಲದ ಕೊಳವೆ ಸುತ್ತಿದರೆ ಪಕ್ಕದ ಬೆಳಕು ತಪ್ಪುತ್ತದೆ. ಪರೀಕ್ಷೆಯ ಎಲ್‌ಇಡಿಯೂ ಆ ಕೊಳವೆಯೊಳಗೇ ಇರಲಿ. ನಾನು ಮೆಟ್ಟಿಲ ತಳಕ್ಕೆ, ಇನ್ವರ್ಟರಿನಿಂದ 90 ಸೆಂಟಿಮೀಟರ್ ಮೇಲೆ ಹಾಕಿದ್ದೇನೆ. ಬ್ಯಾಟರಿಯ ನೆತ್ತಿಯ ಮೇಲೆಯೇ ಬೇಡ, ಚಾರ್ಜ್ ಆಗುವಾಗ ಅಲ್ಲಿಂದ ಹೈಡ್ರೊಜನ್ ಏಳುತ್ತದೆ. ಏಓ ವೈರ್ ಉದ್ದವಾದಷ್ಟೂ ಗದ್ದಲವನ್ನು ಹಿಡಿದುಕೊಳ್ಳುವುದರಿಂದ ಅದು ಅರ್ಧ ಮೀಟರಿನೊಳಗೆ ಇರಲಿ.

ವಿದ್ಯುತ್ ಎಲ್ಲಿಂದ ಎಂಬುದನ್ನೂ ಯೋಚಿಸಿ. ಇನ್ವರ್ಟರನ್ನು ಕಾಯುವ ಕಾವಲುಗಾರ ಅದೇ ಇನ್ವರ್ಟರಿನ ಅನ್ನ ತಿನ್ನಬಾರದು. ಪವರ್ ಬ್ಯಾಂಕ್ ಒಳ್ಳೆಯದು ಎನ್ನಿಸಬಹುದು, ಆದರೆ ಯುನೊ ಎಳೆಯುವ ವಿದ್ಯುತ್ ಬಹಳ ಕಡಿಮೆ. ಹಲವು ಪವರ್ ಬ್ಯಾಂಕ್‌ಗಳು ‘ಯಾರೂ ಇಲ್ಲ’ ಎಂದು ತಿಳಿದು ಆರಿಹೋಗುತ್ತವೆ. ವೈ-ಫೈ ರೂಟರಿಗೆಂದು ಮಾರುವ, ಯುಎಸ್‌ಬಿಯಲ್ಲಿ 5 ವೋಲ್ಟ್ ಕೊಡುವ ಚಿಕ್ಕ ಯುಪಿಎಸ್ ಸಾಕು.

ಮೊಬೈಲಿಗೆ ಸಂದೇಶ ಬರಬೇಕೆನ್ನುವವರು ಇದೇ ತರ್ಕವನ್ನು ವೈ-ಫೈ ಇರುವ ಇಎಸ್‌ಪಿ32 ಬೋರ್ಡಿಗೆ ಒಯ್ಯಬಹುದು. ಅದರ ಪಿನ್‌ಗಳು 5 ವೋಲ್ಟ್ ತಡೆಯವು, ಮಾಡ್ಯೂಲಿಗೆ 3.3 ವೋಲ್ಟ್ ಕೊಡಿ. ಅನಲಾಗ್ ಅಂಕಿ 4095ರವರೆಗೆ ಹೋಗುವುದರಿಂದ ಬಲಕ್ಕೆ ಸಂಬಂಧಿಸಿದ ಮಿತಿಗಳನ್ನು (ದಾಟು, ಅನುಮಾನದ್ದನ್ನಲ್ಲ) ನಾಲ್ಕರಿಂದ ಗುಣಿಸಿ, 1023ರ ಬದಲು 4095ರಿಂದ ಕಳೆದು ಶುರುಮಾಡಿ. ಏ0 ಬದಲು 32ರಿಂದ 39ರ ನಡುವಿನ ಪಿನ್ ಆರಿಸಿ. ಎರಡನೆಯ ಎಡಿಸಿಗೆ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗಕ್ಕೆ) ಸೇರಿದ ಪಿನ್‌ಗಳು ವೈ-ಫೈ ನಡೆಯುವಾಗ ಕೆಲಸಕ್ಕೆ ಬಾರವು. ಸಂದೇಶ ಹೋಗುವುದು ತಡವಾದರೂ ಬಝರ್ ಕೂಗುವುದು ತಡವಾಗಬಾರದು, ಆದ್ದರಿಂದ ಬಝರಿನ ಸಾಲು ಮೊದಲಿರಲಿ.

ಕೂರಿಸಿದ ಮೇಲೆ ಮೊದಲ ಹದಿನೈದು ದಿನ ಪಕ್ಕದಲ್ಲೊಂದು ಚೀಟಿ ಅಂಟಿಸಿ, ಕೂಗಿದಾಗಲೆಲ್ಲ ದಿನ, ಗಂಟೆ, ಕಾರಣ ಬರೆಯಿರಿ. ನನ್ನ ಚೀಟಿಯಲ್ಲಿ ಎರಡೇ ಸಾಲು ಇವೆ. ಒಂದು ದಿನ ಸಂಜೆ ಮಗಳು ಪಟಾಕಿಯ ಸುರುಸುರುಬತ್ತಿಯನ್ನು ಅದರ ಮುಂದೆ ಹಿಡಿದು ನೋಡಿದ್ದಳು. ಇನ್ನೊಂದು ದಿನ ಮಧ್ಯಾಹ್ನ ಚಿಲಿಪಿಲಿ ಸದ್ದು ಬಂತು; ಹೋಗಿ ನೋಡಿದರೆ ಕೊಳವೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಲು ಶುರುಮಾಡಿತ್ತು.